ಹೊಸ ಕಂಬಳಿ, ಹೊಸ ನಿರ್ದೇಶಕಿ

ಅವತ್ತು ಗುರುವಾರ. ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮೊಳಕಾಲ್ಮೂರಿನ ಬಸ್ಸು ಬಂದು ನಿಲ್ಲುವ ಮೊದಲೇ ನಾನು ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದೆ. ವಯಸ್ಸಾದ ಮೇಲೆ ಕೈಬಿಟ್ಟು ಹೋಗದ ವಿದ್ಯೆ ನನ್ನಲ್ಲಿ ಇದೊಂದೇ. ಹಿಂದೆ ನನ್ನ ಹೆಂಡತಿ ತಿಪ್ಪಮ್ಮ, ಅವಳ ಹಿಂದೆ ಅವಳ ಶಿಷ್ಯೆ ಜಬೀನಾ. ನೂಕುನುಗ್ಗಲಿನಲ್ಲಿ ಹತ್ತಿ ನೋಡಿದರೆ, ನನ್ನ ಟವೆಲನ್ನು ಅಂದವಾಗಿ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಂಗಸು ಆ ಸೀಟಿನಲ್ಲಿ ಕೂತಿದ್ದಳು.

"ಇದು ನಮ್ ಸೀಟು ಕಣಮ್ಮ. ಟವೆಲ್ ಹಾಕಿದ್ನಲ್ಲ" ಅಂದೆ.

"ಟವೆಲ್ ಹಾಕಿದ್ರೆ ಸೀಟು ನಿಂದಾಗ್ತೈತಾ ಯಜಮಾನ? ನಿನ್ ಟವೆಲ್ ನಾನೇನ್ ತಿಂದಿಲ್ಲ, ತಗಾ" ಎಂದು ಕೈಗೆ ಕೊಟ್ಟಳು.

ತಿಪ್ಪಮ್ಮನಿಗೆ ನಗು ತಡೆಯಲಾಗಲಿಲ್ಲ. ಕಂಬಿ ಹಿಡಿದು ನಿಂತುಕೊಂಡೇ ಜಬೀನಾಳಿಗೆ ಹೇಳಿದಳು: "ನೋಡ್ದೇನವ್ವ? ಕುರ್ಚಿ ಮೇಲೆ ಟವೆಲ್ ಹಾಸ್ದೋರಿಗೆಲ್ಲ ಕುರ್ಚಿ ಸಿಗಲ್ಲ. ನಿಮ್ ಆಫೀಸಿನ ಕುರ್ಚಿ ಮೇಲಿನ ಟವೆಲ್ ಒಗೆಯಾಕೆ ಕೊಟ್ಟೆಯೋ ಇಲ್ಲವೋ?"

"ಕೊಟ್ಟೀನ್ರಿ ಮೇಡಂ. ಆದ್ರ ಜವಾನ ಮತ್ತೊಂದು ತಂದು ಹಾಕ್ಯಾನ್ರಿ."

"ಅದನ್ನೂ ಕೊಡು. ಎಷ್ಟ್ ಟವೆಲ್ ತರ್ತಾನೋ ನೋಡಾನ."

ಮೂವರೂ ನಿಂತುಕೊಂಡೇ ಮೊಳಕಾಲ್ಮೂರು ಮುಟ್ಟಿದೆವು. ನನ್ನ ಬದುಕಿನ ಕೊನೆಯ ಸಾದಾ ಗುರುವಾರ ಹೀಗೆ ಶುರುವಾಯಿತು. ಸಾದಾ ಗುರುವಾರಕ್ಕೆ ತಾನು ಕೊನೆಯದೆಂದು ಗೊತ್ತಿರುವುದಿಲ್ಲ. ಗೊತ್ತಿದ್ದರೆ ನಾನು ಇನ್ನಷ್ಟು ಗಟ್ಟಿಯಾಗಿ ಜಗಳವಾಡಿ ಅವಳಿಗೊಂದು ಸೀಟು ಕೊಡಿಸುತ್ತಿದ್ದೆ.

ನನ್ನ ವಿಷಯ ಮೊದಲು ಹೇಳಿ ಮುಗಿಸುತ್ತೇನೆ, ಅದರಲ್ಲಿ ಹೆಚ್ಚೇನಿಲ್ಲ. ಹೆಸರು ಓಬಣ್ಣ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದೆ. ಪೇಟೆಯಲ್ಲಿ ಕಂಬಳಿ ಅಂಗಡಿ, ಅಜ್ಜನ ಕಾಲದ್ದು. ತಿಪ್ಪಮ್ಮ ಸಿದ್ದಾಪುರದ ಕಡೆಯವಳು. ಮದುವೆಯಾಗಿ ಬಂದಾಗ ಅವಳದೂ ನನ್ನಷ್ಟೇ ಓದು. ಅವಳು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಬಳಿ ಅಟ್ಟಿಯ ಮೇಲೆ ಕೂತು ಬಿ.ಎ. ಓದಿದಳು, ಎಂ.ಎ. ಓದಿದಳು. ವರವು ಕಾವಲಿನ ಹುಲ್ಲುಗಾವಲ ಸುತ್ತ ಕುರಿ ಮೇಯಿಸಿ ಮುದುಕರಾದವರ ಮೇಲೆ ಪುಸ್ತಕದಷ್ಟು ಬರೆದು ಡಾಕ್ಟರ್ ಆದಳು. ಪರೀಕ್ಷೆಯ ಹಾಲಿನಲ್ಲಿ ಅವಳ ಸೀರೆಯಿಂದ ಕುರಿ ಉಣ್ಣೆಯ ವಾಸನೆ ಬರುತ್ತಿತ್ತಂತೆ. "ಪಕ್ಕದಲ್ಲಿ ಕೂತೋರು ಸರಿದು ಕೂರ್ತಿದ್ರು, ನಂಗೆ ಬೆಂಚು ಅಗಲ ಸಿಗ್ತಿತ್ತು" ಅನ್ನುತ್ತಿದ್ದಳು.

ಹೆಸರಿನದೊಂದು ಕಥೆ ಇದೆ. ನಮ್ಮ ಕಡೆ ನಾಯಕನಹಟ್ಟಿಯ ತಿಪ್ಪೇಸ್ವಾಮಿಗೆ ಹರಕೆ ಹೊತ್ತು ಇಟ್ಟ ಹೆಸರುಗಳೇ ಜಾಸ್ತಿ. ಮನೆಗೊಬ್ಬ ತಿಪ್ಪೇಸ್ವಾಮಿ, ಬೀದಿಗೊಬ್ಬಳು ತಿಪ್ಪಮ್ಮ. ಅವಳು ದೊಡ್ಡ ಊರಿನ ಸಭೆಯಲ್ಲಿ ಮೊದಲ ಸಲ ಪ್ರಬಂಧ ಓದುವಾಗ ಯಾರೋ ಹಿತೈಷಿಗಳು, "ಹೆಸರು ಸ್ವಲ್ಪ ಬದಲಾಯಿಸಿಕೊಳ್ಳಿ ಮೇಡಂ, ತೃಪ್ತಿ ಅಂತ ಇಟ್ಟುಕೊಂಡರೆ ಎಷ್ಟು ಚೆನ್ನ" ಅಂದರಂತೆ. "ನಮ್ಮ ಯಜಮಾನ್ರ ಹೆಸರು ಓಬಣ್ಣ. ಅವರಿಗೆ ಏನಂತ ಇಡಾನ?" ಎಂದು ಇವಳು ಕೇಳಿದಳಂತೆ. ಹಿತೈಷಿಗಳು ಚಹಾ ಕುಡಿಯಲು ಹೋದರು.

ಆಮೇಲೆ ಅವಳು ಒಂದು ವಿಶ್ವವಿದ್ಯಾಲಯದಲ್ಲಿ ವೃದ್ಧಾಪ್ಯ ಅಧ್ಯಯನ ಕೇಂದ್ರಕ್ಕೆ ಮುಖ್ಯಸ್ಥೆಯಾದಳು. ಮುಪ್ಪು ಅಂದರೇನು, ಮುದುಕರು ಹೇಗೆ ಬದುಕುತ್ತಾರೆ, ಏನು ಉಣ್ಣುತ್ತಾರೆ, ಏನು ಮರೆಯುತ್ತಾರೆ, ಯಾರ ಹತ್ತಿರ ಮಾತಾಡುತ್ತಾರೆ ಎಂದು ಲೆಕ್ಕ ಇಡುವ ಜಾಗ ಅದು. ಅವಳು ನಿವೃತ್ತಿಯಾಗಿ ಚಳ್ಳಕೆರೆಗೆ ಬಂದಾಗ, ಇನ್ನು ಅಂಗಡಿಯಲ್ಲಿ ನನ್ನ ಜೊತೆ ಕೂರುತ್ತಾಳೆ ಎಂದು ನಾನು ಒಂದು ಸ್ಟೂಲಿಗೆ ಬಣ್ಣ ಹೊಡೆಸಿ ಇಟ್ಟಿದ್ದೆ. ಅಷ್ಟರಲ್ಲಿ ಬೇರೆ ಕೆಲಸ ಅವಳನ್ನು ಹುಡುಕಿಕೊಂಡು ಬಂತು. ಇಂಥ ಕೇಂದ್ರಗಳು ಅಲ್ಲಲ್ಲಿ ಇವೆ. ಅವಕ್ಕೆ ಹೊಸದಾಗಿ ನಿರ್ದೇಶಕರಾದವರಿಗೆ ಕೈಹಿಡಿದು ದಾರಿ ತೋರಿಸಬೇಕು. ಅದಕ್ಕೆ ಮೆಂಟರ್ ಅಂತ ಹೆಸರು. ವಾರಕ್ಕೊಮ್ಮೆ ಫೋನು, ಆಗಾಗ ಮನೆಗೆ ಬರುವುದು, ಹೋಗುವುದು. ಸ್ಟೂಲಿನ ಬಣ್ಣ ಒಣಗಿ, ಅದರ ಮೇಲೆ ನಾನೇ ಕಾಲಿಟ್ಟುಕೊಂಡು ಕೂತೆ.

ಮುಪ್ಪಿನ ಮೇಲೆ ಇಷ್ಟೆಲ್ಲ ಓದಿದವರಿಗೆ ಮತ್ತೆ ಕಲಿಸುವುದು ಏನಿರುತ್ತದೆ ಎಂದು ನನಗೆ ಮೊದಲು ಆಶ್ಚರ್ಯವಾಗಿತ್ತು. ಆಮೇಲೆ ನೋಡುತ್ತಾ ನೋಡುತ್ತಾ ತಿಳಿಯಿತು. ಅವರಿಗೆ ಗೊತ್ತಿಲ್ಲದ್ದು ಮುಪ್ಪಲ್ಲ, ಕುರ್ಚಿ. ನಿನ್ನೆಯವರೆಗೆ ತಮ್ಮ ಪಾಡಿಗೆ ಹಳ್ಳಿ ಸುತ್ತಿ ಬರೆದುಕೊಂಡಿದ್ದವರನ್ನು ಒಂದು ಬೆಳಿಗ್ಗೆ ಕೂರಿಸಿ, ಕೇಂದ್ರದ ಜೀಪು ಯಾರಿಗೆ, ಕಪಾಟಿನ ಕೀಲಿ ಯಾರ ಹತ್ತಿರ, ಯಾರಿಗೆ ಎಷ್ಟು ರಜೆ ಎಂದು ಕೇಳಿದರೆ ಅವರೇನು ಮಾಡಬೇಕು? ಒಬ್ಬ ಮಹಾನುಭಾವರು ನಿರ್ದೇಶಕರಾದ ವಾರದಲ್ಲೇ ಎಲ್ಲರ ಮೇಜನ್ನೂ ಕಿಟಕಿಯ ಕಡೆಗೆ ತಿರುಗಿಸಿದರಂತೆ, ಗಾಳಿ ಬರಲಿ ಎಂದು. ಕಾಗದವೆಲ್ಲ ಹಾರಿ ಹೋಗಿ ಎರಡು ದಿನ ಸಿಬ್ಬಂದಿಯೆಲ್ಲ ಅಂಗಳದಲ್ಲಿ ಹೆಕ್ಕುತ್ತಿದ್ದರಂತೆ. ತಿಪ್ಪಮ್ಮನ ಮೊದಲ ಮಾತು ಯಾವಾಗಲೂ ಒಂದೇ: "ಬಂದ ಹೊಸದ್ರಾಗೆ ಏನೂ ಬದಲಾಯಿಸ್ಬ್ಯಾಡ. ಟವೆಲ್ ಒಂದು ತೆಗಿ, ಸಾಕು."

ಮನೆಗೆ ಬರುತ್ತಿದ್ದ ಈ ಹೊಸಬರನ್ನು ನೋಡಿದಾಗೆಲ್ಲ ನನಗೆ ನನ್ನ ಸರಕೇ ನೆನಪಾಗುತ್ತಿತ್ತು. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಹೊಸ ಕಂಬಳಿಯನ್ನು ಮಡಿಚಿ ಮೂಲೆಗೆ ನಿಲ್ಲಿಸಿದರೆ ಸಿಪಾಯಿಯ ಹಾಗೆ ನಿಂತೇ ಇರುತ್ತದೆ. ಚಿಕ್ಕಂದಿನಲ್ಲಿ ನಾವು ಅಣ್ಣತಮ್ಮಂದಿರು ಅಕ್ಕತಂಗಿಯರು ಸಾಲಾಗಿ ಒಂದೇ ಕಂಬಳಿಯಡಿ ಮಲಗುತ್ತಿದ್ದೆವು. ಹೊಸದಾದರೆ ಮೈಗೆಲ್ಲ ಚುಚ್ಚುತ್ತಿತ್ತು, ಗಂಜಿಯ ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ಅಳುತ್ತಾ ಎದ್ದರೆ ಅವ್ವ ಅನ್ನುತ್ತಿದ್ದಳು: "ಚುಚ್ಚಿದ್ರೆ ಚುಚ್ಚಲಿ, ಸುಮ್ಕೆ ಹೊದ್ಕಳ್ಳೋ. ನೀನು ಹೊದ್ಕಂಡ್ರೆ ತಾನೆ ಅದು ಮೆತ್ತಗಾಗೋದು." ಈ ಮಾತನ್ನು ನಾನು ಒಮ್ಮೆ ತಿಪ್ಪಮ್ಮನಿಗೆ ಹೇಳಿದೆ, ನಿನ್ನ ನಿರ್ದೇಶಕರೂ ಹೀಗೇ ಎಂದು. ಅವಳು ತಲೆಯಾಡಿಸಿ, "ಅಂಗಾದ್ರೆ ನಾನೇನು? ಚುಚ್ಚಿಸ್ಕಳ್ಳೋಳಾ?" ಅಂದಳು. ನನ್ನ ಹೋಲಿಕೆಗಳು ಯಾವಾಗಲೂ ಅವಳ ಹತ್ತಿರ ಹೋಗಿ ಹೀಗೆ ಕುಂಟುತ್ತಿದ್ದವು.

ಜಬೀನಾ ಬಳ್ಳಾರಿ ಕಡೆಯ ಹುಡುಗಿ. ಹುಡುಗಿ ಅನ್ನುವುದು ನನ್ನ ವಯಸ್ಸಿನ ಲೆಕ್ಕದಲ್ಲಿ. ಅವಳ ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳ ಗಂಜಿ ಮಾತ್ರ ಬೇರೆಯವರಿಗಿಂತ ಗಟ್ಟಿಯಾಗಿತ್ತು. ಯಾಕೆಂದರೆ ಅವಳ ಕೇಂದ್ರದಲ್ಲಿ ಹಳೆಯ ನಿರ್ದೇಶಕರು, ಸದಾಶಿವಯ್ಯ ಸಾರು, ನಿವೃತ್ತರಾದರೂ ಹೋಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದರು. ಸಿಬ್ಬಂದಿಯವರು ಕಾಗದ ಹಿಡಿದು ಮೊದಲು ಅವರ ಕೋಣೆಗೆ ಹೋಗಿ, ಅವರು ತಲೆಯಾಡಿಸಿದರೆ ಜಬೀನಾಳ ಕೋಣೆಗೆ ಸಹಿಗೆ ಬರುತ್ತಿದ್ದರು.

ಆ ಗುರುವಾರ ಮೊಳಕಾಲ್ಮೂರಿನಲ್ಲೂ ಇದೇ ಆಯಿತು. ನಾವು ಹೋಗಿದ್ದು ರಾಮಲಕ್ಷ್ಮಮ್ಮ ಎಂಬ ನೇಕಾರರ ಮುದುಕಿಯ ಮನೆಗೆ. ಜಬೀನಾಳ ಕೇಂದ್ರದವರು ವರ್ಷವರ್ಷವೂ ಬಂದು ಮಾತಾಡಿಸಿ ಹೋಗುವ ಮನೆಗಳಲ್ಲಿ ಅದೂ ಒಂದು. ನಡುಮನೆಯ ಮಗ್ಗದ ಗುಂಡಿಯಲ್ಲಿ ಮಗ ಕೂತು ನೇಯುತ್ತಿದ್ದ. ಮುದುಕಿ ಗೋಡೆಗೆ ಒರಗಿ ರೇಷ್ಮೆ ನೂಲು ಸುತ್ತುತ್ತಿದ್ದಳು. ಜಬೀನಾಳನ್ನು ಮೇಲಿಂದ ಕೆಳಗೆ ನೋಡಿ, "ಏಮ್ಮಾ, ಮೀ ಸಾರು ರಾಲೇದಾ?" ಅಂದಳು. ನಿಮ್ಮ ಸಾರು ಬರಲಿಲ್ಲವಾ ಎಂದು.

"ಈಗ ನಾನೇ ಅಮ್ಮಾ, ಹೊಸ ಮೇಡಂ" ಎಂದಳು ಜಬೀನಾ.

"ಅಂಗಾ? ಸರಿ ಸರಿ. ಕೂತ್ಕೋ. ಆ ಸಾರು ಚಟ್ನಿ ಬಲೇ ತಿಂತಿದ್ರು. ನೀನು ತಿಂತೀಯಾ?"

ತಿಪ್ಪಮ್ಮ ಮುಖ ಆ ಕಡೆ ತಿರುಗಿಸಿ ನಕ್ಕಳು. ಜಬೀನಾ ಚಟ್ನಿ ತಿಂದಳು. ಆದರೆ ವಾಪಸು ಬರುವಾಗ, ಈ ಸಲ ಮೂವರಿಗೂ ಸೀಟು ಸಿಕ್ಕಿತ್ತು, ಅವಳ ಕಣ್ಣಲ್ಲಿ ನೀರಿತ್ತು.

"ಮೇಡಂ, ನಂಗ ಈ ಕೆಲ್ಸ ಬ್ಯಾಡ್ರಿ. ಎಲ್ಲಿಗ್ ಹೋದ್ರೂ ಅವರೇ ಅದಾರ. ಚಟ್ನಿ ಒಳಗೂ ಅವರೇ ಅದಾರ. ಬಿಟ್ಟು ನನ್ನ ಪಾಡಿಗೆ ಪಾಠ ಹೇಳ್ಕೊಂಡು ಇರ್ತೀನ್ರಿ. ಬಿಡ್ಲೇನ್ರಿ?"

ತಿಪ್ಪಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಬರೋ ಗುರುವಾರ ಫೋನ್ ಮಾಡ್ತೀಯಲ್ಲ, ಅವಾಗ ಮಾತಾಡಾನ" ಅಂದಳು. ಅವಳು ಯಾವತ್ತೂ ಕೇಳಿದ ದಿನವೇ ಉತ್ತರ ಕೊಟ್ಟವಳಲ್ಲ. ಪ್ರಶ್ನೆ ಸ್ವಲ್ಪ ಆರಬೇಕು ಅನ್ನುತ್ತಿದ್ದಳು.

ಶನಿವಾರ ಬೆಳಿಗ್ಗೆ ಹಿತ್ತಲಲ್ಲಿ ಕರಿಬೇವು ಕೀಳುತ್ತಿದ್ದವಳು ಹಾಗೇ ಕೆಳಗೆ ಕೂತಳು. ಸುಸ್ತಾಯಿತೇನೋ ಎಂದು ನಾನು ನೀರು ತೆಗೆದುಕೊಂಡು ಹೋದೆ. ನೀರು ಬೇಕಾಗಲಿಲ್ಲ.

ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಮುಂದಿನದನ್ನು ಬರೆಯಬೇಕು, ಯಾಕೆಂದರೆ ಅದರಲ್ಲಿ ನಗುವ ವಿಷಯ ಬಹಳ ಇದೆ. ಅವಳೇ ಆಗಿದ್ದರೆ ಅದನ್ನೇ ಬರೆಯುತ್ತಿದ್ದಳು.

ದಿನಕರ್ಮಗಳಿಗೆ ಅವಳ ಶಿಷ್ಯರೆಲ್ಲ ಬಂದರು. ಆ ಊರಿನ ಕೇಂದ್ರದವರು, ಈ ಊರಿನ ಕೇಂದ್ರದವರು. ಮುಪ್ಪಿನ ಪಂಡಿತರೆಲ್ಲ ಒಂದೇ ಚಪ್ಪರದಡಿ. ಅವರ ಮಧ್ಯೆ ಹೆಂಡತಿ ಕಳೆದುಕೊಂಡ ಒಬ್ಬ ಮುದುಕ, ನಾನು. ಕೋಳಿಮರಿಯ ಸುತ್ತ ಊರಿನ ಪಶುವೈದ್ಯರೆಲ್ಲ ಸೇರಿದ ಹಾಗಾಯಿತು. ಒಬ್ಬರು ನನ್ನ ನಾಡಿ ಹಿಡಿದರು. ಇನ್ನೊಬ್ಬರು ಎದ್ದು ನಿಂತು ಕುರ್ಚಿಗೆ ವಾಪಸು ಕೂರಲು ಎಷ್ಟು ಹೊತ್ತಾಗುತ್ತದೆ ನೋಡೋಣ ಅಂದರು. ಮತ್ತೊಬ್ಬರು ಮಾತಿನ ಮಧ್ಯೆ ಮೂರು ಪದ ಹೇಳಿ, "ನೆನಪಿಟ್ಕೊಳ್ಳಿ, ಆಮೇಲೆ ಕೇಳ್ತೀನಿ" ಅಂದರು. ಪಾಪ, ಆಮೇಲೆ ಕೇಳುವುದನ್ನು ಅವರೇ ಮರೆತರು. ಆ ಮೂರು ಪದ ನನಗೆ ಇವತ್ತಿಗೂ ನೆನಪಿದೆ: ತೆಂಗಿನಕಾಯಿ, ರೈಲು, ಹಳದಿ.

ಹೋಗುವಾಗ ಪ್ರತಿಯೊಬ್ಬರೂ ಬೇರೆಯವರಿಗೆ ಹೇಳದೆ ಒಂದೇ ಕೆಲಸ ಮಾಡಿದರು. ನನ್ನ ನಂಬರು ಬರೆದುಕೊಂಡು, ತಮ್ಮ ತಮ್ಮ ಕೇಂದ್ರದ ವಿದ್ಯಾರ್ಥಿ ಒಬ್ಬರಿಗೆ ಕೊಟ್ಟು, ದಿನಾ ಫೋನ್ ಮಾಡಿ ವಿಚಾರಿಸಲು ಹೇಳಿದರು. ಮಾರನೆಯ ದಿನದಿಂದ ನನ್ನ ಬೆಳಗು ಹೇಗಿತ್ತು ಅಂದರೆ, ಹಲ್ಲುಜ್ಜುವಾಗ ಒಂದು ಊರು, ಚಹಾ ಕುಡಿಯುವಾಗ ಒಂದು ಊರು, ಅಂಗಡಿ ಬಾಗಿಲು ತೆಗೆಯುವಾಗ ಇನ್ನೊಂದು ಊರು.

"ಅಜ್ಜಾ, ರಾತ್ರಿ ನಿದ್ದೆ ಬಂತಾ? ಹತ್ತರಲ್ಲಿ ಎಷ್ಟು ಕೊಡ್ತೀರ?"

"ಅಜ್ಜಾ, ಇವತ್ತು ಒಂಟಿತನ ಅನ್ನಿಸ್ತಿದೆಯಾ? ಸ್ವಲ್ಪಾನಾ, ಮಧ್ಯಮಾನಾ, ತುಂಬಾನಾ?"

"ಎಲ್ಲೈತಮ್ಮ ಒಂಟಿತನ, ನೀವು ಬಿಟ್ರೆ ತಾನೆ?" ಎಂದೆ ಒಮ್ಮೆ. ಆ ಕಡೆ ಹುಡುಗಿ, "ಹಂಗಾದ್ರೆ ಸ್ವಲ್ಪ ಅಂತ ಬರ್ಕೊಳ್ಲಾ?" ಅಂದಳು. ಸಂತೆಯ ದಿನ ಗಿರಾಕಿಗಳ ನಡುವೆ ಫೋನ್ ಬಂದರೆ ಒಂದು ಊರಿಗೆ ಎರಡು ಹೇಳುತ್ತಿದ್ದೆ, ಇನ್ನೊಂದು ಊರಿಗೆ ಒಂಬತ್ತು. ನನ್ನಿಂದ ಎಷ್ಟು ಅಧ್ಯಯನಗಳು ಕೆಟ್ಟವೋ ದೇವರಿಗೇ ಗೊತ್ತು.

ದಿನಕರ್ಮ ಮುಗಿದ ಮೇಲಿನ ಮೊದಲ ಗುರುವಾರ ಬಂತು. ಸಂಜೆ ತಿಪ್ಪಮ್ಮನ ಫೋನು ಹೊಡೆದುಕೊಂಡಿತು. ಅವಳ ಫೋನನ್ನು ನಾನು ಆರಿಸಿರಲಿಲ್ಲ, ದಿನಾ ಚಾರ್ಜಿಗೆ ಹಾಕುತ್ತಿದ್ದೆ. ಎತ್ತಿದೆ. ಆ ಕಡೆ ಜಬೀನಾ.

"ಕಾಕಾ, ತಪ್ಪಾಯ್ತ್ರಿ. ಗುರುವಾರ ಅಲ್ಲೇನ್ರಿ, ಕೈ ತಾನೇ ಹೋತ್ರಿ."

ವರ್ಷಗಟ್ಟಲೆ ಪಕ್ಕದ ಕೋಣೆಯಲ್ಲಿ ಕೂತು ತಿಪ್ಪಮ್ಮನ ಫೋನು ಮಾತಿನ ಈ ಕಡೆಯ ಅರ್ಧವನ್ನು ನಾನು ಕೇಳಿದ್ದೆ. ಅದರಲ್ಲಿ ಹೆಚ್ಚು ಮಾತಿರಲಿಲ್ಲ. ಅದನ್ನೇ ಹೇಳಿದೆ.

"ಹ್ಞೂಂ. ಹೇಳವ್ವ."

ಅವಳು ಹೇಳಿದಳು. ಯಾರೋ ರಜೆಯ ಮೇಲೆ ಹೋಗಿ ಬಂದೇ ಇಲ್ಲ, ಜೀಪು ಕೆಟ್ಟು ನಿಂತಿದೆ, ಸದಾಶಿವಯ್ಯ ಸಾರು ಹೊಸ ವಿದ್ಯಾರ್ಥಿಗಳನ್ನು ತಾವೇ ಸಂದರ್ಶನ ಮಾಡಿ ಕಳಿಸಿಬಿಟ್ಟಿದ್ದಾರೆ.

"ಆಮೇಲೆ?" ಅಂದೆ.

ಅದನ್ನೂ ಹೇಳಿದಳು.

"ನೀನೇನಂದೆ?" ಅಂದೆ.

"ನಾನೇನೂ ಅನ್ಲಿಲ್ರಿ ಕಾಕಾ" ಅಂದಳು, ನಿಧಾನವಾಗಿ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಮೆಂಟರ್ ಆಗಿ ಹೆಸರು ಉಳಿಸಿಕೊಳ್ಳುತ್ತಿದ್ದೆ. ಮೂರು ಮಾತಿನಿಂದ ಒಂದು ಗುರುವಾರ ಸಾಗಿತ್ತು, ಎರಡನೆಯದೂ ಸಾಗಿತು. ಮೂರನೆಯ ಗುರುವಾರ ಅವಳು ನೇರವಾಗಿ ಕೇಳಿದಳು: "ಬಿಡ್ಲೇನ್ರಿ ಕಾಕಾ? ಬಿಡ್ಬೇಕಂದ್ರ ಈ ತಿಂಗಳೇ ಹೇಳ್ಬೇಕು." ಆಗ ನನ್ನೊಳಗಿನ ಪಂಡಿತ ಎದ್ದು ಕೂತ. ತಿಪ್ಪಮ್ಮ ತನ್ನ ಕೆಲಸಕ್ಕೆ ಹೊಸ ಹೋರಿ ಪಳಗಿಸೋದು ಎಂದು ಹೆಸರಿಟ್ಟಿದ್ದು ನೆನಪಾಯಿತು. ಕಾವಲಿನ ಕಡೆಯ ಊರುಗಳಲ್ಲಿ ಹೊಸ ಹೋರಿಯನ್ನು ಒಂಟಿಯಾಗಿ ಹೂಡುವುದಿಲ್ಲ, ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ನೋಡವ್ವ, ಹಳೇ ಎತ್ತಿನ ಜೊತೆ ನೊಗ ಹಂಚ್ಕೋಬೇಕು."

ಹೇಳಿದ ಮೇಲೆ ನನಗೇ ಬಹಳ ಹೆಮ್ಮೆಯಾಯಿತು. ಕನ್ನಡಿ ನೋಡಿಕೊಂಡೆ ಕೂಡ.

ಓದಿದವರ ಜೊತೆ ಗಾದೆಯಲ್ಲಿ ಮಾತಾಡಬಾರದು, ಅವರು ಅದನ್ನು ಜಾರಿಗೆ ತಂದುಬಿಡುತ್ತಾರೆ. ಜಬೀನಾ ಮಾರನೆಯ ದಿನವೇ ಸದಾಶಿವಯ್ಯ ಸಾರ್ ಅವರ ಕುರ್ಚಿಯನ್ನು ತನ್ನ ಕೋಣೆಗೆ ತರಿಸಿ, ತನ್ನ ಮೇಜಿನ ಪಕ್ಕದಲ್ಲೇ ಹಾಕಿಸಿದಳು. ಜವಾನ ಸಂತೋಷದಿಂದ ಎರಡೂ ಕುರ್ಚಿಗೆ ಹೊಸ ಟವೆಲ್ ಹಾಸಿದ. ಮೊದಲು ಕಾಗದಗಳು ಅವರ ಕೋಣೆಯ ಮೂಲಕವಾದರೂ ಅವಳ ಹತ್ತಿರ ಬರುತ್ತಿದ್ದವು. ಈಗ ಅವರ ಮುಂದೆ ಹೋಗಿ ಅಲ್ಲೇ ನಿಂತವು. ಅವಳ ಫೋನನ್ನೂ ಅವರೇ ಎತ್ತತೊಡಗಿದರು. ಅವಳ ಪೆನ್ನಿನಲ್ಲಿ ಬರೆಯತೊಡಗಿದರು. ಒಂದು ದಿನ ಅವಳ ಡಬ್ಬಿಯಿಂದ ಒಂದು ರೊಟ್ಟಿಯನ್ನೂ ತೆಗೆದುಕೊಂಡು, "ಉಪ್ಪು ಸ್ವಲ್ಪ ಕಮ್ಮಿ" ಅಂದರಂತೆ.

ಆ ಭಾನುವಾರ ಅವಳು ಹೇಳದೆ ಕೇಳದೆ ಚಳ್ಳಕೆರೆಗೆ ಬಂದಿಳಿದಳು. ಮುಖ ಕೆಂಪಗಿತ್ತು.

"ಕಾಕಾ, ನೀವು ಯಾವತ್ತಾದ್ರೂ ನೇಗಿಲು ಹೂಡೀರೇನ್ರಿ?"

"ಇಲ್ಲವ್ವ, ನಾನು ಕಂಬಳಿ ವ್ಯಾಪಾರಸ್ಥ" ಅಂದೆ.

"ಮತ್ತ ನಂಗ್ಯಾಕ ಎತ್ತಿನ ಕಥಿ ಹೇಳಿದ್ರಿ?" ಅಂದವಳೇ, ನಗಲು ಹೋಗಿ ಅತ್ತಳು. "ನಾಳೆ ಕೊಡ್ತೀನ್ರಿ ರಾಜೀನಾಮೆ. ಮೇಡಂ ಇದ್ದಿದ್ರ ಮೊದ್ಲು ಅವ್ರಿಗೇ ಹೇಳ್ತಿದ್ದೆ. ಅದಕ್ಕ ಇಲ್ಲಿಗ್ ಬಂದೆ."

ನಾನು ಚಹಾ ಮಾಡಿದೆ. ತಿಪ್ಪಮ್ಮ ಹೋದ ಮೇಲೆ ಕಲಿತ ಚಹಾ, ಒಂದು ದಿನ ಕಷಾಯ, ಒಂದು ದಿನ ಸಕ್ಕರೆ ಪಾಕ. ಅವತ್ತು ಪಾಕದ ದಿನ. ಅದನ್ನು ಕುಡಿಯುತ್ತಾ ಕೂತಿರುವಾಗ ನನ್ನ ಅಜ್ಜನ ನೆನಪಾಗಿ ಹೇಳಿದೆ, ಬುದ್ಧಿಮಾತಾಗಿ ಅಲ್ಲ, ಸುಮ್ಮನೆ ಹೊತ್ತು ಹೋಗಲಿ ಎಂದು. ಅಜ್ಜ ಅಂಗಡಿಯನ್ನು ಅಪ್ಪನಿಗೆ ಬಿಟ್ಟುಕೊಟ್ಟ ಮೇಲೂ ದಿನಾ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಗಿರಾಕಿ ಮೆಟ್ಟಿಲು ಹತ್ತಿದರೆ ತಡೆದು, ತನ್ನ ಕಾಲದ ಬೆಲೆ ಹೇಳುತ್ತಿದ್ದ. ಗಿರಾಕಿ ಒಳಗೆ ಬಂದು ಆ ಬೆಲೆಗೇ ಕೇಳುತ್ತಿದ್ದ. ಅಪ್ಪ ಹಲ್ಲು ಕಡಿಯುತ್ತಿದ್ದ. ಅಜ್ಜನನ್ನು ಮನೆಯಲ್ಲಿ ಕೂರಿಸಿದರೆ ಅವ್ವ ಹಲ್ಲು ಕಡಿಯುತ್ತಿದ್ದಳು. ಹೀಗೇ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಹಲ್ಲು ಕಡಿಯುತ್ತಲೇ ಅಜ್ಜನ ಕಾಲ ಮುಗಿಯಿತು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ದಿನದ ಪಾಳಿಯಲ್ಲಿ ಜಬೀನಾಳದೇ ಕೇಂದ್ರದ ಹುಡುಗಿ. ತನ್ನ ಮೇಡಂ ಇಲ್ಲೇ ಕೂತಿರುವುದು ಅವಳಿಗೆ ಗೊತ್ತಿಲ್ಲ. ನನಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಯಾವಾಗಲೂ ಜೋರಾಗಿ ಕೇಳುವಂತೆ ಇಟ್ಟುಕೊಂಡೇ ಮಾತಾಡುವುದು.

"ಅಜ್ಜಾ, ಇವತ್ತು ಹೊಸ ಪ್ರಶ್ನೆ ಅದಾವ್ರಿ. ಕೇಳ್ಲೇನ್ರಿ?"

"ಕೇಳವ್ವ."

"ನೀವು ಕೆಲಸ ಬಿಟ್ಟಮ್ಯಾಲೆ ಯಾರಾದ್ರೂ ನಿಮ್ಮನ್ನ ಏನಾದ್ರೂ ಕೇಳಾಕ ಬರ್ತಾರೇನ್ರಿ?"

"ನಾನು ಕೆಲಸ ಬಿಟ್ಟಿಲ್ಲವ್ವ, ಅಂಗಡಿ ಐತೆ."

"ಇರ್ಲಿ ಅಜ್ಜಾ, ಬಿಟ್ಟೀರಿ ಅಂತ ಅನ್ಕೋರಿ. ಬೆಳಿಗ್ಗೆ ಎದ್ದಾಗ, ಇವತ್ತು ಇಂಥಾ ಕಡೆ ಹೋಗ್ಬೇಕು, ಅಲ್ಲಿ ನನ್ನ ದಾರಿ ಕಾಯ್ತಿರ್ತಾರ ಅಂತ ಅನಿಸ್ತೈತೇನ್ರಿ?"

ಜಬೀನಾ ಚಹಾ ಲೋಟ ಕೆಳಗಿಟ್ಟಳು.

ಹುಡುಗಿಗೆ ಐದು ಅಂತಲೋ ಆರು ಅಂತಲೋ ಹೇಳಿ ಫೋನ್ ಇಟ್ಟೆ. ಜಬೀನಾ ಅಂದಳು: "ಕಾಕಾ, ಆ ಪ್ರಶ್ನಿ ನಾನೇ ಬರ್ದದ್ರಿ. ಹಳ್ಳಿಹಳ್ಳಿಗೆ ಕಳಿಸಿ ಎಲ್ಲಾ ಮುದುಕ್ರಿಗೂ ಕೇಳ್ಸಾಕ ಹತ್ತೀನಿ." ಆಮೇಲೆ ಗೋಡೆ ನೋಡುತ್ತಾ ಕೂತಳು. "ನಮ್ಮ ಸಾರಿಗೆ ಯಾರೂ ಕೇಳಿಲ್ರಿ. ನಮ್ಮ ಬಾಜೂ ಕೋಣ್ಯಾಗ ಅದಾರ. ಅವ್ರಿಗೂ ವಯಸ್ಸಾಗೈತಿ ಅಂತ ನಮಗ ಹೊಳೀಲೇ ಇಲ್ಲ ನೋಡ್ರಿ."

ಮುಪ್ಪನ್ನು ಅಧ್ಯಯನ ಮಾಡುವ ಮನೆಯಲ್ಲಿ ಒಬ್ಬರು ಮುಪ್ಪಾಗಿ ಕೂತಿದ್ದು ಯಾರಿಗೂ ಕಂಡಿರಲಿಲ್ಲ. ಕಂಡಿದ್ದು ಅವರ ಕುರ್ಚಿ ಮಾತ್ರ. ನನ್ನನ್ನು ಎಷ್ಟು ಊರುಗಳಿಂದ ಎಷ್ಟು ಮಂದಿ ವಿಚಾರಿಸುತ್ತಿದ್ದರು, ಆ ಮನುಷ್ಯನನ್ನು ಒಬ್ಬರೂ ಕೇಳಿರಲಿಲ್ಲ. ನನಗೆ ನಗು ಬಂತು. ಅವಳಿಗೂ ಬಂತು. ಇಬ್ಬರೂ ನಕ್ಕೆವು, ಮನೆಯಲ್ಲಿ ಅಷ್ಟು ಗಟ್ಟಿಯಾಗಿ ನಕ್ಕು ಬಹಳ ದಿನವಾಗಿತ್ತು. ಪಕ್ಕದ ಮನೆಯವರು ಇಣುಕಿ ನೋಡಿ ಹೋದರು, ಸೂತಕ ಕಳೆದಿದೆಯೋ ಇಲ್ಲವೋ ಎಂಬಂತೆ.

ಸೋಮವಾರ ಅವಳು ರಾಜೀನಾಮೆ ಕೊಡಲಿಲ್ಲ. ಸದಾಶಿವಯ್ಯ ಸಾರ್ ಅವರ ಎದುರು ಕೂತು, "ಸರ್, ಬೆಳಿಗ್ಗೆ ಎದ್ದ್ ಕೂಡ್ಲೇ ಇಲ್ಲಿಗೇ ಯಾಕ ಬರ್ತೀರಿ?" ಎಂದು ಕೇಳಿದಳಂತೆ. ಅವರು ಮೊದಲು ಸಿಟ್ಟಾದರಂತೆ. ಆಮೇಲೆ ಹೇಳಿದರಂತೆ, ಮನೆಯಲ್ಲಿ ಹೆಂಡತಿ ಇರಗೊಡುವುದಿಲ್ಲ ಎಂದು. ನಿವೃತ್ತರಾದ ಮೊದಲ ವಾರದಲ್ಲೇ ಅವರು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕ್ಷರದ ಅನುಕ್ರಮದಲ್ಲಿ ಜೋಡಿಸಿದ್ದರಂತೆ. ಅವಲಕ್ಕಿ ಮೊದಲು, ಹುರಿಗಡಲೆ ಕೊನೆಗೆ. ಅವತ್ತಿನಿಂದ ಆಯಮ್ಮ ಬೆಳಿಗ್ಗೆಯೇ ಊಟದ ಡಬ್ಬಿ ಕೊಟ್ಟು, "ಕತ್ತಲಾದ ಮೇಲೆ ಬನ್ನಿ" ಎಂದು ಕಳಿಸುತ್ತಿದ್ದರಂತೆ.

ಜಬೀನಾ ಹೇಳಿದಳು: "ಸರ್, ಮೊಳಕಾಲ್ಮೂರಾಗ ರಾಮಲಕ್ಷ್ಮಮ್ಮ ನಿಮ್ಮನ್ನ ಕೇಳಿದ್ಲು. ನಮ್ಮ ಹುಡುಗ್ರಿಗೆ ಅಲ್ಲಿ ಯಾರೂ ಬಾಯಿ ಬಿಡೂದಿಲ್ಲ. ನೀವು ಕರ್ಕೊಂಡು ಹೋಗ್ತೀರೇನು? ಈ ಕಾಗದ ಗೀಗದ ನಾನು ನೋಡ್ಕೊಂತೀನಿ."

ಹೀಗೆ ಹೇಳುವಷ್ಟು ಅವಳ ಗಂಜಿ ಬಿಟ್ಟಿತ್ತು ನೋಡಿ. ಚುಚ್ಚಲಿಲ್ಲ. ಆದರೆ ಕಾಗದಗಳು ತನ್ನವು ಎಂದು ಹೇಳಿಬಿಟ್ಟಳು.

ಅವರು ಒಪ್ಪಲು ಮೂರು ದಿನ ತೆಗೆದುಕೊಂಡರು, ದೊಡ್ಡವರಲ್ಲವೇ. ಈಗ ವಾರಕ್ಕೊಮ್ಮೆ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಮೊಳಕಾಲ್ಮೂರು, ಸಿದ್ದಾಪುರ ಎಂದು ಸುತ್ತುತ್ತಾರೆ. ರಿಪೇರಿಯಾದ ಜೀಪು ಚಳ್ಳಕೆರೆ ಪೇಟೆಯಲ್ಲಿ ನನ್ನ ಅಂಗಡಿ ಮುಂದೆ ನಿಲ್ಲುತ್ತದೆ. ಮೊದಲ ಸಲ ಬಂದಾಗ ನನ್ನ ಎದುರಿಗೆ ಕೂತು ಬಹಳ ಹೊತ್ತು ದೂರಿದರು.

"ಆ ಹುಡುಗಿ ನನ್ನ ಊರೂರು ಅಲೆಸ್ತಾಳೆ ಓಬಣ್ಣಾರೇ. ಈ ವಯಸ್ಸಲ್ಲಿ! ಮುಂದಿನ ವಾರ ಬರಲ್ಲ ಅಂದುಬಿಡ್ತೀನಿ."

"ಅನ್ರಿ ಸಾರ್."

"ಅಂದುಬಿಡಬಹುದು. ಆದ್ರೆ ರಾಮಲಕ್ಷ್ಮಮ್ಮ ಮುಂದಿನ ವಾರ ಹೊಸ ಶೇಂಗಾ ಚಟ್ನಿ ಮಾಡ್ತೀನಿ ಅಂದಿದ್ದಾಳೆ. ಪಾಪ, ಬೇಜಾರ್ ಮಾಡ್ಕೋತಾಳೆ." ಆಮೇಲೆ ಅಂಗಡಿಯ ಸುತ್ತ ಕಣ್ಣಾಡಿಸಿ, "ಈ ಕಂಬಳಿಗಳನ್ನ ನೀವು ಯಾವ ಕ್ರಮದಲ್ಲಿ ಜೋಡಿಸಿದ್ದೀರಿ?" ಎಂದು ಕೇಳಿದರು. ನಾನು ಲಗುಬಗೆಯಿಂದ ಚಹಾ ತರಿಸಿದೆ.

ಬೆಳಗಿನ ಫೋನುಗಳು ಈಗ ಕಡಿಮೆಯಾಗಿವೆ. ಜಬೀನಾ ಎಲ್ಲ ಕೇಂದ್ರಗಳಿಗೂ ತಿಳಿಸಿ, ನನ್ನನ್ನು ಹಂಚಿಕೊಳ್ಳುವ ಬದಲು ಬಿಡುಗಡೆ ಮಾಡಿಸಿದಳು. ಒಂದು ಹುಡುಗಿ ಮಾತ್ರ, ಪಟ್ಟಿಯಲ್ಲಿ ಇಲ್ಲದಿದ್ದರೂ, ಆಗಾಗ ಮಾಡುತ್ತಾಳೆ. ಹತ್ತರಲ್ಲಿ ಎಷ್ಟು ಎಂದು ಕೇಳುವುದಿಲ್ಲ. ತನ್ನ ಪರೀಕ್ಷೆ ಹೆಂಗಾತು ಎಂದು ಹೇಳುತ್ತಾಳೆ, ನಾನು "ಹ್ಞೂಂ, ಆಮೇಲೆ?" ಅನ್ನುತ್ತೇನೆ.

ಮೊನ್ನೆ ಜಬೀನಾ ಫೋನ್ ಮಾಡಿ, ಇನ್ನೊಂದು ಊರಿನ ಕೇಂದ್ರಕ್ಕೆ ಹೊಸದಾಗಿ ನಿರ್ದೇಶಕರಾದ ಒಬ್ಬ ತರುಣನಿಗೆ ತನ್ನನ್ನು ಮೆಂಟರ್ ಮಾಡಿದ್ದಾರೆಂದು ಹೇಳಿದಳು. ಅವನು ಬಂದ ವಾರದಲ್ಲೇ ಕೇಂದ್ರದ ಬಾಗಿಲಿಗೆ ಹೊಸ ಬಣ್ಣ ಹೊಡೆಸಿ, ಒಣಗುವ ಮೊದಲೇ ಹಾಕಿಸಿದ್ದಕ್ಕೆ ಬಾಗಿಲು ಅಂಟಿಕೊಂಡು, ಅರ್ಧ ದಿನ ಎಲ್ಲರೂ ಒಳಗೇ ಸಿಕ್ಕಿಕೊಂಡಿದ್ದರಂತೆ. ಹೇಳುತ್ತಾ ಹೇಳುತ್ತಾ ಅವಳಿಗೆ ಮಾತು ನಿಂತು ನಗು ಬಂತು. ನಾನು ಅದನ್ನು ಅಂಗಡಿಗೆ ಬಂದ ಗಿರಾಕಿಗಳಿಗೆ ಹೇಳಿದೆ, ಸದಾಶಿವಯ್ಯ ಸಾರಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ಈಗ ನಿಮಗೂ ಹೇಳಿದೆ.

ತಿಪ್ಪಮ್ಮನಿಗೆ ಹೇಳುವುದು ಉಳಿದಿದೆ.